ವಿನಾಯಿತಿ ಬಳಕೆಗಿರಲಿ, ಬೀಗಕ್ಕಲ್ಲ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕಿಂಗ್ ಸ್ಟ್ರೀಟ್‌ನಲ್ಲಿರುವ 82ನೆಯ ಸಂಖ್ಯೆಯ ಕಟ್ಟಡವು ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಶಾಖೆಗೆಂದು 1845–46ರಲ್ಲಿ ನಿರ್ಮಾಣಗೊಂಡಿತು. 1825ರ ಬ್ಯಾಂಕಿಂಗ್ ಮುಗ್ಗಟ್ಟಿನ ತರುವಾಯ, 1826ರಲ್ಲಿ, ಆ ಬ್ಯಾಂಕು ಹತ್ತಿ ವಹಿವಾಟಿನ ಈ ನಗರಕ್ಕೆ ಕಾಲಿರಿಸಿತ್ತು. ವಾಸ್ತುಶಿಲ್ಪಿ ಸಿ. ಆರ್. ಕಾಕೆರೆಲ್ ನವಶಾಸ್ತ್ರೀಯ ಶೈಲಿಯಲ್ಲಿ ರೂಪಿಸಿದ ಇದರ ಕಂಬಸಾಲು ಇಂದಿಗೂ ಸ್ಥೈರ್ಯದ ಪ್ರತೀಕದಂತಿದೆ.

ಇದು ಪ್ರಥಮ ಶ್ರೇಣಿಯ ಸಂರಕ್ಷಿತ ಕಟ್ಟಡ. 1990ರ ದಶಕದಲ್ಲಿ ಇದರ ಹಿಂಬದಿಯಲ್ಲಿ ಕಚೇರಿ ಗೋಪುರವೊಂದು ಎದ್ದಿತು. ಹಳೆಯ ಮುಂಭಾಗ ಉಳಿಯಿತು. ಕಲಾಭಿಮಾನಿಗಳು ಗೋಪುರವನ್ನು ಒಪ್ಪದಿರಬಹುದು. ಆದರೆ ಕಲ್ಲಿನ ದುರಸ್ತಿಯ ವೆಚ್ಚವನ್ನು ಅಭಿಮಾನವೊಂದೇ ಭರಿಸಲಾರದು, ಕಟ್ಟಡವೇ ದುಡಿಯಬೇಕು.

ಇಂಗ್ಲೆಂಡಿನ ತೆರಿಗೆ ನಿಯಮವು ಈ ಪಾಠಕ್ಕೆ ವ್ಯತಿರಿಕ್ತವಾಗಿದೆ. ಖಾಲಿ ಬಿದ್ದ ಸಾಮಾನ್ಯ ಕಚೇರಿಯು ಮೂರು ತಿಂಗಳ ಬಳಿಕ ವಾಣಿಜ್ಯ ಆಸ್ತಿ ತೆರಿಗೆಗೆ ಒಳಪಡುತ್ತದೆ. ಸಂರಕ್ಷಿತ ಕಟ್ಟಡಕ್ಕಾದರೋ ಖಾಲಿ ಇರುವಷ್ಟು ಕಾಲವೂ ವಿನಾಯಿತಿ. ಮಾಲೀಕರ ಹೊರೆಯನ್ನು ಇಳಿಸುವುದು ನ್ಯಾಯವೇ ಸರಿ. ಆದರೆ ಗಡುವಿಲ್ಲದ ವಿನಾಯಿತಿಯು ವಿಳಂಬಕ್ಕೆ ನೀಡುವ ಬಹುಮಾನವಾಗುತ್ತದೆ. ಅದನ್ನು ನಿಗದಿತ ಅವಧಿಗೆ ಮಿತಿಗೊಳಿಸಿ, ದುರಸ್ತಿ ಕೈಗೊಂಡವರಿಗೂ ಬಾಡಿಗೆದಾರರನ್ನು ಕರೆತಂದವರಿಗೂ ಮುಂದುವರಿಸುವುದೇ ಲೇಸು. ವ್ಯಾಪಾರಕ್ಕಾಗಿ ಹುಟ್ಟಿದ ಕಟ್ಟಡವನ್ನು ವ್ಯಾಪಾರವೇ ಉಳಿಸಬಲ್ಲದು.