ಮೌನ ಯಾರನ್ನು ರಕ್ಷಿಸುತ್ತದೆ?

ಹದಿಹರೆಯದವರ ಲೈಂಗಿಕ ಆರೋಗ್ಯದ ಕುರಿತಾದ ಸಂಶೋಧನಾ ವರದಿಗಳಲ್ಲಿ ‘ಅಪಾಯಕಾರಿ ನಡವಳಿಕೆ’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಅಪಾಯವನ್ನು ಮಕ್ಕಳೇ ಹೊರಗಿನಿಂದ ಹೊತ್ತು ತರುತ್ತಾರೆ, ಅವರನ್ನು ಹದ್ದುಬಸ್ತಿನಲ್ಲಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆಯನ್ನು ಈ ಪದ ಪೋಷಿಸುತ್ತಿದೆ. ಹಾಗಾದರೆ ಹಿರಿಯರ ನಡವಳಿಕೆಯನ್ನು ಅಳೆಯುವವರು ಯಾರು?

2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿರುವುದಾಗಿ ಹೇಳಿದವರು ಶೇ. 53ಕ್ಕಿಂತ ಹೆಚ್ಚು. ಅವರಲ್ಲಿ ಬಾಲಕರ ಸಂಖ್ಯೆ ಬಾಲಕಿಯರಿಗಿಂತ ಕಡಿಮೆಯೇನೂ ಇರಲಿಲ್ಲ. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಅದನ್ನು ಯಾರಲ್ಲೂ ಹೇಳಿಕೊಂಡಿರಲಿಲ್ಲ. ಹೇಳುವುದಾದರೂ ಹೇಗೆ? ದೇಹದ ಆ ಭಾಗಕ್ಕೆ ಒಂದು ಗೌರವಯುತ ಹೆಸರಿದೆ ಎಂಬುದನ್ನೇ ನಾವು ಅವರಿಗೆ ಕಲಿಸಿಲ್ಲ.

ವಿಪರ್ಯಾಸವೆಂದರೆ, ಅದೇ 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಗಳಲ್ಲಿದ್ದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ಸಂಸ್ಕೃತಿಯ ಹೆಸರಿನಲ್ಲಿ ತಡೆಹಿಡಿದವು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು. ಇತರ ಎಲ್ಲ ವಿಷಯಗಳಲ್ಲೂ ಆ ಸಂಸ್ಕೃತಿ ರಕ್ಷಕರನ್ನು ವಿರೋಧಿಸುವ ನಮ್ಮವರು ಈ ಒಂದು ವಿಷಯದಲ್ಲಿ ಮಾತ್ರ ಅವರ ಪಕ್ಕದಲ್ಲೇ ಕುಳಿತು ತಲೆದೂಗುತ್ತಾರೆ! ಆ ಪುಸ್ತಕಗಳ ಕೆಲವು ಚಿತ್ರಗಳ ಬಗ್ಗೆ ಆಕ್ಷೇಪವಿದ್ದಿರಬಹುದು. ಚಿತ್ರಗಳನ್ನು ಬದಲಿಸಬಹುದಿತ್ತು. ಪಾಠವನ್ನೇ ಹರಿದೆಸೆಯಬೇಕಿತ್ತೇ?

ಪರಿಶುದ್ಧತೆಯನ್ನು ಬೋಧಿಸಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಪರಿಶುದ್ಧತೆ ನಮ್ಮ ಮೌಲ್ಯ, ಅದರಲ್ಲಿ ರಾಜಿಯಿಲ್ಲ. ಆದರೆ ಮೌಲ್ಯ ಬೇರೆ, ಘೋಷಣೆ ಬೇರೆ. ಅಮೆರಿಕದ ಸರಕಾರ ‘ಮದುವೆಯವರೆಗೆ ಸಂಯಮ’ವನ್ನಷ್ಟೇ ಬೋಧಿಸುವ ತರಗತಿಗಳಿಗೆ ಅಪಾರ ಹಣ ಸುರಿಯಿತು. ಅಂತಹ ನಾಲ್ಕು ಕಾರ್ಯಕ್ರಮಗಳನ್ನು ಪರಿಶೀಲಿಸಿದ ಮ್ಯಾಥಮ್ಯಾಟಿಕಾ ಸಂಸ್ಥೆಯ 2007ರ ವರದಿಯ ಪ್ರಕಾರ, ಬೋಧನೆ ಪಡೆದವರಿಗೂ ಪಡೆಯದವರಿಗೂ ಸಂಯಮದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಇನ್ನೊಂದೆಡೆ, ತಿಳುವಳಿಕೆ ನೀಡಿದರೆ ಮಕ್ಕಳು ದಾರಿತಪ್ಪುತ್ತಾರೆಂಬ ಭೀತಿಗೂ ಆಧಾರವಿಲ್ಲ. ಇಂತಹ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲವೆಂದು ಯುನೆಸ್ಕೋದ 2018ರ ಮಾರ್ಗಸೂಚಿ ಹೇಳುತ್ತದೆ.

ಅಪಾಯದ ಇನ್ನೊಂದು ಮುಖ ನಮ್ಮ ಮದುವೆ ಮಂಟಪಗಳಲ್ಲೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 20ರಿಂದ 24ರ ವಯೋಮಾನದ ಮಹಿಳೆಯರಲ್ಲಿ ಶೇ. 23.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕರ್ನಾಟಕದಲ್ಲಿ ಇದು ಶೇ. 21.3. ಏನೂ ತಿಳಿಯದ ಹುಡುಗಿಯನ್ನು ‘ಮುಗ್ಧೆ’ ಎಂದು ಹೊಗಳಿ ಗಂಡನ ಮನೆಗೆ ಕಳುಹಿಸುವುದು, ಅಲ್ಲಿ ಎಳೆಯ ಪ್ರಾಯದ ಗರ್ಭಧಾರಣೆಯಿಂದ ಆಕೆ ಬಳಲಿದರೆ ಅದನ್ನು ವಿಧಿ ಎನ್ನುವುದು. ಇದು ಯಾವ ಸಂಸ್ಕೃತಿ?

ಧರ್ಮವು ಇದನ್ನು ಮುಚ್ಚಿಡಲು ಹೇಳಿದೆಯೆಂಬ ವಾದವಂತೂ ಶುದ್ಧ ಅಜ್ಞಾನ. ಕರ್ಮಶಾಸ್ತ್ರದ ಗ್ರಂಥಗಳು ಆರಂಭವಾಗುವುದೇ ಶುದ್ಧಿಯ ಅಧ್ಯಾಯದಿಂದ. ಋತುಸ್ರಾವ, ಸ್ಖಲನ, ಕಡ್ಡಾಯ ಸ್ನಾನ, ಪ್ರಾಯಪೂರ್ತಿಯ ಲಕ್ಷಣಗಳು ಎಲ್ಲವೂ ಅಲ್ಲಿವೆ. (ನಾವು ಹನ್ನೆರಡನೇ ವಯಸ್ಸಿನಲ್ಲಿ ಅವನ್ನು ಅರಬಿಯಲ್ಲಿ ಕಂಠಪಾಠ ಮಾಡಿದ್ದೇವೆ, ಅರ್ಥ ಕೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಲಾಗಿತ್ತು!) ಧರ್ಮಜ್ಞಾನ ಗಳಿಸಲು ನಾಚಿಕೆಯು ತಡೆಯಾಗದ ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದಾರೆ. ಪ್ರವಾದಿ(ಸ)ಯವರ ಮಸೀದಿಯಲ್ಲಿ ಕೇಳಬಹುದಾಗಿದ್ದ ಪ್ರಶ್ನೆಯನ್ನು ನಮ್ಮ ಮನೆಯ ಹುಡುಗ ಇಂದು ಮೊಬೈಲ್ ಫೋನಿನ ಅಶ್ಲೀಲ ದೃಶ್ಯಗಳಲ್ಲಿ ಹುಡುಕುತ್ತಿದ್ದಾನೆ.

2020ರಲ್ಲಿ ಕೇಂದ್ರ ಸರಕಾರವು ಆಯುಷ್ಮಾನ್ ಭಾರತ್ ಯೋಜನೆಯಡಿ ಶಾಲಾ ಆರೋಗ್ಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಅದರ 11 ವಿಷಯಗಳಲ್ಲಿ ಸಂತಾನೋತ್ಪತ್ತಿ ಆರೋಗ್ಯ, ಏಡ್ಸ್ ತಡೆ, ಹಿಂಸೆಯಿಂದ ರಕ್ಷಣೆ, ಅಂತರ್ಜಾಲದ ಸುರಕ್ಷಿತ ಬಳಕೆ ಇವೆ. ಹೆತ್ತವರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ, ಈ ಪಾಠಗಳು ನಡೆದಿವೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಅದೇ ಪ್ರಶ್ನೆಯನ್ನು ಜಮಾಅತ್ ಸಮಿತಿಯು ಮದ್ರಸದ ಉಸ್ತಾದರನ್ನೂ ಕೇಳಲಿ.