ಗಡಿಯಾಚೆಗೆ ಮಾರುವ ನಾಡಬಂದೂಕು



ಆದವಾನಿ, ಆಲೂರು, ಹೊಳಗುಂದಿ, ಕೌತಾಳಂ ಕಡೆಯ ಹೊಲಗಳಲ್ಲಿ ಪೈರು ನಾಲ್ಕು ಎಲೆಯಾಯಿತೆಂದರೆ ಚಿಗರಿಯ ಹಿಂಡು ಇಳಿಯುತ್ತದೆ. ಶೇಂಗಾ ಕಾಯಿ ಕಟ್ಟಿತೆಂದರೆ ಹಂದಿ ಬರುತ್ತದೆ. ಹಿರಿಯರು ಬೆಳೆಗಾವಲಿಗೆಂದು ಲೈಸೆನ್ಸು ಪಡೆದು ಇಟ್ಟುಕೊಂಡ, ಬಾಯಿಯಿಂದ ಮದ್ದು ತುಂಬುವ ನಾಡಬಂದೂಕು ಕೆಲವರ ಮನೆಯಲ್ಲಿ ಇಂದಿಗೂ ಉಂಟು. ಹಿರಿಯರು ತೀರಿಕೊಂಡ ಮೇಲೆ ಅದನ್ನು ಏನು ಮಾಡಬೇಕೆಂಬುದೇ ತೊಡಕು. ಸಿರುಗುಪ್ಪದ ಬೀಗರು ಕೇಳುತ್ತಾರೆ. ಇಡೀ ಬಂದೂಕು ಕೊಟ್ಟರೆ ತಪ್ಪು, ನಳಿಗೆ ಬೇರೆ ಕುದುರೆ ಬೇರೆ ಬಿಚ್ಚಿ ಕೊಟ್ಟರೆ ತಪ್ಪಲ್ಲ, ಹೇಗೂ ಅದು ಬೇರೆ ರಾಜ್ಯ ಎಂದು ಸಂತೆಯ ಕಟ್ಟೆಯಲ್ಲಿ ಕುಳಿತವರು ತೀರ್ಪು ಕೊಟ್ಟುಬಿಡುತ್ತಾರೆ.

ಈ ತೀರ್ಪನ್ನು ನಂಬಿದವನು ಜೈಲಿನ ದಾರಿ ಹಿಡಿದಂತೆಯೇ ಸರಿ.

1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳನ್ನು ಬಳ್ಳಾರಿ ಜಿಲ್ಲೆಯಿಂದ ಕಡಿದು ಆಂಧ್ರಕ್ಕೆ ಸೇರಿಸಿದರು. ಸಿರುಗುಪ್ಪ ಆಚೆ ಉಳಿಯಿತು. ಆದರೆ ಆಯುಧದ ಕಾನೂನು ಗಡಿಯ ಎರಡು ಕಡೆಯೂ ಒಂದೇ. ಅದು ದೆಹಲಿಯ ಕಾನೂನು: 1959ರ ಆಯುಧ ಅಧಿನಿಯಮ, ಅದರ ಕೆಳಗೆ 2016ರ ನಿಯಮಗಳು. ಅದರಲ್ಲಿ ಬಂದೂಕು ಎಂದರೆ ಇಡೀ ಬಂದೂಕು ಮಾತ್ರವಲ್ಲ. ಅದರ ಬಿಡಿಭಾಗಗಳೂ ಬಂದೂಕೇ. ಸದ್ದು, ಬೆಂಕಿಯ ಮಿಂಚು ಕಡಿಮೆ ಮಾಡಲು ತುದಿಗೆ ಸಿಕ್ಕಿಸುವ ಕೊಳವೆಯೂ ಬಂದೂಕೇ. ಮದ್ದುಗುಂಡಿನ ಭಾಗಗಳೂ ಹಾಗೆಯೇ ಮದ್ದುಗುಂಡೆಂದೇ ಎಣಿಕೆ.

ಹಾಗಾದರೆ ಕಟ್ಟೆಯವರ ಮಾತಿಗೆ ಬುಡವೇ ಇಲ್ಲವೆ? ಅರ್ಧ ಬುಡ ಉಂಟು, ಅದೇ ಅಪಾಯ. 45ನೆಯ ಕಲಮಿನಲ್ಲಿ ಎರಡು ವಿನಾಯಿತಿಗಳಿವೆ. ರಿಪೇರಿ ಮಾಡಿದರೂ ಹಾರಿಸಲು ಬಾರದಂತೆ ಕೆಟ್ಟುಹೋದ ಹಳೆಯ ಆಯುಧಕ್ಕೆ ಈ ಕಾನೂನು ತಾಗದು. ಸಣ್ಣಪುಟ್ಟ ಬಿಡಿಭಾಗಕ್ಕೂ ತಾಗದು, ಆದರೆ ಅದನ್ನು ತನ್ನಲ್ಲಾಗಲಿ ಇನ್ನೊಬ್ಬನಲ್ಲಾಗಲಿ ಇರುವ ಉಳಿದ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶ ಇರಕೂಡದು. ಈಗ ನೀವೇ ಹೇಳಿ: ಬೀಗರು ಕುದುರೆ ಕೊಳ್ಳುವುದು ಗೋಡೆಗೆ ಮೊಳೆ ಹೊಡೆಯುವುದಕ್ಕೋ? ತಮ್ಮ ಬಂದೂಕಿಗೆ ಕೂರಿಸುವುದಕ್ಕೆ. ಅಲ್ಲಿಗೆ ವಿನಾಯಿತಿ ಮುಗಿಯಿತು. ನಳಿಗೆಯನ್ನಂತೂ ಸಣ್ಣ ಭಾಗವೆಂದು ಯಾವ ಕೋರ್ಟಿನಲ್ಲಿ ಹೇಳುವುದು! ತುಕ್ಕು ಹಿಡಿದದ್ದೆಲ್ಲ ಕೆಟ್ಟದ್ದೂ ಅಲ್ಲ. ಕಮ್ಮಾರನು ಎರಡು ದಿನದಲ್ಲಿ ಸರಿಮಾಡಬಲ್ಲುದಾದರೆ ಅದು ಬಂದೂಕೇ.

ಮಾರಲು ಸರಿಯಾದ ದಾರಿ ಇಲ್ಲದಿಲ್ಲ. ಲೈಸೆನ್ಸುದಾರನು ಬದುಕಿದ್ದು, ತನ್ನ ಸ್ವಂತಕ್ಕಿದ್ದ ಬಂದೂಕನ್ನು ಇನ್ನೊಬ್ಬ ಹಕ್ಕುಳ್ಳವನಿಗೆ ಮಾರಬಹುದು. ಕೊಳ್ಳುವವನ ಹೆಸರು ವಿಳಾಸ ಸಹಿತ ಜಿಲ್ಲಾ ಮ್ಯಾಜಿಸ್ಟ್ರೇಟರಿಗಾಗಲಿ ಹತ್ತಿರದ ಪೋಲೀಸ್ ಠಾಣೆಗಾಗಲಿ ಬರೆದು ತಿಳಿಸಿ, 45 ದಿನ ಕಾಯಬೇಕು. ಹಾಗೆ ತಿಳಿಸದೆ ಮಾರಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೆ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದರೆ ಹಕ್ಕಿಲ್ಲದವನಿಗೆ ಕಾನೂನು ಮೀರಿ ಮಾರಿದವನಿಗೆ 2019ರ ತಿದ್ದುಪಡಿಯ ಮೇಲೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸಜೆ, ಜೀವಾವಧಿಯವರೆಗೂ ಹೋಗಬಹುದು. ಒಂದೇ ಬಂದೂಕು, ಒಂದೇ ಬೆಲೆ. ಬೀಗರ ಕೈಯಲ್ಲಿ ಲೈಸೆನ್ಸು ಇದೆಯೋ ಇಲ್ಲವೋ ಎಂಬುದರ ಮೇಲೆ ಇಷ್ಟು ಅಂತರ.

ಲೈಸೆನ್ಸುದಾರನು ತೀರಿಹೋಗಿದ್ದರೆ ಮಕ್ಕಳು ಅಟ್ಟದ ಮೇಲೆ ಇಟ್ಟು ಸುಮ್ಮನಿರಕೂಡದು. ತಡಮಾಡದೆ ಠಾಣೆಗಾಗಲಿ ಲೈಸೆನ್ಸುಳ್ಳ ಬಂದೂಕು ವ್ಯಾಪಾರಿಗಾಗಲಿ ಒಪ್ಪಿಸಿ ರಸೀತಿ ಪಡೆಯಬೇಕು. ಒಪ್ಪಿಸಿದರೆ ಹೋದಂತೆಯೇ ಎಂಬ ಹೆದರಿಕೆ ಬೇಡ. ಗೊತ್ತಾದ ಅವಧಿಯೊಳಗೆ ಲೈಸೆನ್ಸು ಮಾಡಿಸಿಕೊಂಡು ಹಿಂದಕ್ಕೆ ಪಡೆಯಬಹುದು, ಹಕ್ಕುಳ್ಳವರಿಗೆ ಮಾರಲೂಬಹುದು. ಅವಧಿ ಮೀರಿದರೆ ಮಾತ್ರ ಅದು ಸರ್ಕಾರದ ಪಾಲು.

ಕೊಡಗಿನವರಿಗೆ ಇಲ್ಲದ ಲೈಸೆನ್ಸು ನಮಗೇಕೆ ಎಂದು ಕೇಳುವವರುಂಟು. ಕೊಡವರಿಗೂ ಅಲ್ಲಿಯ ಜಮ್ಮಾ ಹಿಡುವಳಿದಾರರಿಗೂ ಕೊಟ್ಟ ವಿನಾಯಿತಿ ಬೇರೆ. ಅದು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಯಿತು. ನಮಗೆ ಅದು ಸಲ್ಲದು. ಲೈಸೆನ್ಸು ಇದ್ದ ಮಾತ್ರಕ್ಕೆ ಚಿಗರಿಯ ಮೇಲೆ ಗುಂಡು ಹಾರಿಸಬಹುದೆಂದೂ ತಿಳಿಯಬೇಡಿರಿ. ಅದು ಆಂಧ್ರದ ರಾಜ್ಯಪ್ರಾಣಿ, 1972ರ ವನ್ಯಜೀವಿ ಕಾನೂನಿನ ಮೊದಲನೆಯ ಪಟ್ಟಿಯಲ್ಲಿರುವುದು. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅಪ್ಪಣೆಯೇ ಇಲ್ಲ. ಹಂದಿಗೂ ಅರಣ್ಯಾಧಿಕಾರಿಯ ಅಪ್ಪಣೆ ಮೊದಲು, ಮದ್ದು ಆಮೇಲೆ.

ನನ್ನ ತಕರಾರು ಕಾನೂನಿನ ಮೇಲಲ್ಲ, ಅದನ್ನು ತಿಳಿಸದೆ ಇರುವುದರ ಮೇಲೆ. ಮಾರುವವನು ಕರ್ನೂಲು ಜಿಲ್ಲೆಯವನು, ಕೊಳ್ಳುವವನು ಬಳ್ಳಾರಿಯವನು; "ಹತ್ತಿರದ ಠಾಣೆ" ಎಂದರೆ ಯಾರಿಗೆ ಹತ್ತಿರದ್ದು? ಕಲಂ ಇದನ್ನು ಬಿಡಿಸಿ ಹೇಳುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ರೈತನು ತೆಲುಗಿನ ಕಾಗದ ಹಿಡಿದು ಯಾರನ್ನು ಕೇಳಬೇಕು? ಎರಡು ಜಿಲ್ಲೆಯ ಅಧಿಕಾರಿಗಳು ಕೂಡಿ ಕನ್ನಡದಲ್ಲೂ ತೆಲುಗಿನಲ್ಲೂ ಒಂದು ಹಾಳೆ ಅಚ್ಚುಹಾಕಿಸಿ ಗಡಿಯ ಠಾಣೆಗಳಲ್ಲಿ ಅಂಟಿಸಿದರೆ ಖರ್ಚೆಷ್ಟು?

ಅಲ್ಲಿಯವರೆಗೆ ಎರಡು ಕಡೆಯ ಠಾಣೆಗೂ ಒಂದೊಂದು ಅರ್ಜಿ ಕೊಡಿರಿ. ಕೊಳ್ಳುವವರ ಲೈಸೆನ್ಸಿನ ನಕಲು, ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಬರೆದ ಪುಟದೊಡನೆ, ಲಗತ್ತಿಸಿರಿ. ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡು, ಎರಡರಲ್ಲಿ ತಡವಾದ ತಾರೀಖಿನಿಂದ 45 ದಿನ ಎಣಿಸಿರಿ.