ಹತ್ತೇ ಸೆಕೆಂಡಿನ ಹಮ್ಮೀರ!

ಸ್ಪೈಕ್ ಲೀ ನಿರ್ದೇಶನದ 'ಡು ದಿ ರೈಟ್ ಥಿಂಗ್' (1989) ನೋಡಿದ್ದೀರಾ? ಟೈಟಲ್‌ನಲ್ಲಿ ರೋಸಿ ಪೆರೆಜ್ ಕುಣಿದದ್ದೇ ಕುಣಿದದ್ದು! ಹಿಂದೆ ಗುಡುಗುವುದು 'ಪಬ್ಲಿಕ್ ಎನಿಮಿ' ತಂಡದ 'ಫೈಟ್ ದಿ ಪವರ್'. ಬಹುಪಾಲು ಹಳೇ ರೆಕಾರ್ಡುಗಳ ಚೂರುಪಾರು ಹೆಕ್ಕಿ ಕಟ್ಟಿದ ಹಾಡು ಅದು. ಕಟ್ಟಿದವರು ನ್ಯೂಯಾರ್ಕ್ ಕಡೆಯ 'ಬಾಂಬ್ ಸ್ಕ್ವಾಡ್' ಹುಡುಗರು. ಇವರ ಅಚ್ಚುಮೆಚ್ಚಿನ ಆಯುಧಗಳಲ್ಲಿ ಒಂದು ಇ-ಮ್ಯೂ ಕಂಪನಿಯ ಸ್ಯಾಂಪ್ಲರ್, ಎಸ್‌ಪಿ-1200. ಹುಟ್ಟಿದ್ದು 1987ರಲ್ಲಿ.

ಸ್ಯಾಂಪ್ಲರ್ ಅಂದರೆ ಸದ್ದನ್ನು ಅಂಕಿಗಳಾಗಿ ನುಂಗಿ, ಗುಂಡಿ ಒತ್ತಿದಾಗ ಉಗುಳುವ ಪೆಟ್ಟಿಗೆ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ಹಿಡಿದರೆ, ಇದು ಸದ್ದಿನ 26 ಸಾವಿರ ಚಿಲ್ಲರೆ 'ಚಿತ್ರ' ಹಿಡಿಯುತ್ತದೆ. ಇದೇ ಸ್ಯಾಂಪ್ಲಿಂಗ್ ರೇಟ್. ಆಗ ಮೆಮೊರಿ ಬಲು ದುಬಾರಿ. ಇಡೀ ಯಂತ್ರಕ್ಕೆ ಹತ್ತೇ ಸೆಕೆಂಡು ಜಾಗ! ಒಂದು ತುಣುಕು ಎರಡೂವರೆ ಸೆಕೆಂಡು ಮೀರುವಂತಿಲ್ಲ. ಮೂರು ಸೆಕೆಂಡಿನ ಒಳ್ಳೇ ಡ್ರಮ್ ಸಿಕ್ಕಿದರೆ ಏನು ಮಾಡೋದು?

ಇಲ್ಲೇ ನೋಡಿ ಕೈಚಳಕ! 33ರ ವೇಗದ ಎಲ್‌ಪಿಯನ್ನು 45ರಲ್ಲಿ ಓಡಿಸಿ ಹಿಡಿಯೋದು. ಮೂರು ಸೆಕೆಂಡು ಸುಮಾರು ಎರಡೂಕಾಲಿಗೆ ಇಳಿದು ಗೂಡಿಗೆ ಸಲೀಸಾಗಿ ತೂರಿತು. ಆಮೇಲೆ ಯಂತ್ರದಲ್ಲಿ ಶ್ರುತಿ ತಗ್ಗಿಸಿದರೆ ಮತ್ತೆ ಮೂಲ ವೇಗ. ಆದರೆ ಪುಕ್ಕಟೆ ಏನೂ ಸಿಗೋಲ್ಲ! ಮೂಲ ಹಾಡಿನ ಲೆಕ್ಕದಲ್ಲಿ ರೇಟ್ 19 ಸಾವಿರಕ್ಕೆ ಕುಸಿಯಿತು. ರೇಟಿನ ಅರ್ಧದವರೆಗಿನ ಕಂಪನಗಳು ಮಾತ್ರ ಉಳಿಯೋದರಿಂದ ಸಿಂಬಲ್‌ನ ಛಳಛಳ ಮಂಕಾಯಿತು. ಶ್ರುತಿ ತಗ್ಗಿಸುವಾಗ ಯಂತ್ರವೂ ತನ್ನದೊಂದಿಷ್ಟು ಕರಕರ ಬೆರೆಸಿತು. ಆ ಕರಕರವನ್ನೇ ಜನ ಮೆಚ್ಚಿದರು!

ಅಕಾಯ್ ಎಸ್900ಕ್ಕೆ (1986) ಈ ಸರ್ಕಸ್ ಬೇಕಿಲ್ಲ. ಯಂತ್ರದಲ್ಲೇ ರೇಟ್ ಆರಿಸಬಹುದು. 40 ಸಾವಿರಕ್ಕಿಟ್ಟರೆ ಹನ್ನೊಂದೂಮುಕ್ಕಾಲು ಸೆಕೆಂಡು. ಏಳೂವರೆ ಸಾವಿರಕ್ಕಿಳಿಸಿದರೆ ಒಂದು ನಿಮಿಷ ದಾಟುತ್ತದೆ.

ಹಾಗಂತ ಕಂಡಕಂಡದ್ದನ್ನೆಲ್ಲ ಇಳಿಸಬೇಡಿ. ಬೇಸ್ ಡ್ರಮ್, ಬೇಸ್ ಗಿಟಾರ್ ತಡೆದುಕೊಳ್ಳುತ್ತವೆ. ಸಿಂಬಲ್ ಸಾಯುತ್ತದೆ. ಗಾಯಕನ 'ಸ', 'ಶ' ಮಾಯ! ಇಳಿಸುವ ಮುಂಚೆ ಫಿಲ್ಟರ್ ಹಾಕಿ ಮೇಲಿನ ಕಂಪನಗಳನ್ನು ಕತ್ತರಿಸಿ. ಇಲ್ಲದಿದ್ದರೆ ತೆರೆಯ ಮೇಲೆ ಓಡುವ ಕುದುರೆಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಹಾಗೆ ಇಲ್ಲದ ಸ್ವರಗಳು ನುಸುಳುತ್ತವೆ. ಕರಕರವೇ ಬೇಕಾದರೆ ಫಿಲ್ಟರ್ ಬಿಡಿ, ನಿಮ್ಮಿಷ್ಟ. ಮೂಲ ತುಣುಕನ್ನು ಮಾತ್ರ ಜೋಪಾನವಾಗಿಡಿ. ಒಮ್ಮೆ ಕತ್ತರಿಸಿದ್ದು, ರೇಟ್ ಮತ್ತೆ ಏರಿಸಿದರೂ ವಾಪಸ್ ಬರೋಲ್ಲ.

ಇಂದು ಜೇಬಿನ ಫೋನಿನಲ್ಲೇ ಗಂಟೆಗಟ್ಟಲೆ ಹಾಡು ಹಿಡಿಸುವಷ್ಟು ಜಾಗ. ಆದರೂ ಎಸ್‌ಪಿ-1200ರ ಜನಕ ಡೇವ್ ರಾಸಮ್ 2021ರಲ್ಲಿ ಅದನ್ನು ಮತ್ತೆ ತಯಾರಿಸಿದರೆ ಕೊಳ್ಳುವವರಿದ್ದರು! ದುಬಾರಿ ಯಂತ್ರವಿಲ್ಲ ಅಂತ ಕೈಕಟ್ಟಿ ಕೂತಿರುವ ಗೆಳೆಯರೇ, ಹತ್ತು ಸೆಕೆಂಡಿನಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅಂತ ಕಿವಿಯಿಂದ ತೀರ್ಮಾನಿಸಿದವರೇ ಗೆದ್ದದ್ದು. ಆ ಕಿವಿಯನ್ನು ಯಾವ ಅಂಗಡಿಯಲ್ಲೂ ಮಾರೋಲ್ಲ, ಏನಂತೀರಿ?